ಎಳ್ಳಷ್ಟು

ಬಂದಗಿ, ಆ ಬಾಟ್ಲಿ ಕೆಳಗಿಡು.
ಕುಸುಬಿ ಎಣ್ಣಿ ಅದು. ಚಟ್ನಿ ಮ್ಯಾಲ ಸುರುವಿಕೊಂಡ ಉಣ್ಣು,
ಬ್ಯಾಟ್ರಿಗೆ ಹಚ್ಚಬ್ಯಾಡ.
ಹದಿನೈದ ದಿನಕ್ಕ ಒಣಗಿ ವಾರ್ನಿಸ್ ಆಗತೈತಿ,
ಆಮ್ಯಾಲ ಮುಚ್ಚಳ ತಗೀಲಿಕ್ಕೆ
ಪಾನಾ ಹಿಡದು ಇಬ್ಬರು ಜಗ್ಗಬೇಕು.
ಕೊಬ್ಬರಿ ಎಣ್ಣಿ ಚಳಿಗೆ ಹೆಪ್ಪುಗಟ್ಟತೈತಿ.
ಗಾಡಿ ಆಯಿಲ್ ಹೆಸರ ಎತ್ತಬ್ಯಾಡ.

ಮೊದಲ ಹಳೇದನ್ನ ತಗಿ.
ಧೋತರದ ಹರಕ ತೊಗೊ, ಬನೀನು ಬ್ಯಾಡ, ನೂಲು ಬಿಡತೈತಿ.
ಉಗುರಿಲೆ ಸುತ್ತಿನ ಗುಂಟ ಒರಸಕೋತ ಹೋಗು.
ನೋಡಿದಿ? ಕರೀ ಮಸಿ.
ಅಲ್ಯೂಮಿನಂ ತನ್ನನ್ನ ತಾ ತಿಂದ ಪುಡಿ ಅದು,
ಅದರಾಗ ಸ್ವಲ್ಪ ನಮ್ಮ ಹೊಳಿ ಉಸುಕು.
ತಿರುವಿದಾಗ ಕರ್ ಕರ್ ಅಂತಿತ್ತಲ್ಲ,
ಹಳ್ಳು ಸಿಕ್ಕ ರೊಟ್ಟಿ ಅಗದಂಗ.

ಈಗ ರಿಂಗು.
ಸೂಜಿ ಬ್ಯಾಡೋ, ಗಾಯ ಆದೀತು!
ಎರಡು ಬೆರಳಿಂದ ಒತ್ತಿ ಹಿಂಡು, ತಾನ ಗುಬ್ಬಿ ಏಳತೈತಿ.
ಬೆಳಕಿಗೆ ಹಿಡದು ಸುತ್ತ ತಿರುವು.
ಕೂದಲೆಳಿ ಬಿರುಕಿದ್ದರೂ ಆ ತಗಡಿನ ಡಬ್ಬಿಗೆ ಒಗಿ.

ಕರೀವು ಅಂದರ ಎಲ್ಲಾ ಒಂದ ಅಲ್ಲ.
ಇದು ಗಾಡೀದು, ಎಣ್ಣಿ ಕುಡದರೂ ಹಂಗ ಇರತೈತಿ.
ಇದು ನೀರಿನ ಪಂಪಿಂದು, ನೋಡಾಕ ಅವಳಿ ಜವಳಿ,
ಖರೆ, ವ್ಯಾಸಲೀನು ಹಚ್ಚಿದಿ ಅಂದರ
ಮಾವನ ಮನ್ಯಾಗ ಉಂಡ ಅಳಿಯನಂಗ ಉಬ್ಬತೈತಿ.
ಕೆಂಪಂದು ಬ್ಯಾರೆ. ಸಿಲಿಕೋನಿನ ಮಗಳು.
ಅದಕ್ಕ ಸಿಲಿಕೋನ್ ಗ್ರೀಸ ಬ್ಯಾಡ,
ತನ್ನ ತವರಿಂದನ್ನ ತಾನ ಹೀರಿ ಮೆತ್ತಗಾಗತೈತಿ.
ಅದನ್ನ ನನ್ನ ಕಡೆ ಸರಸು.
ಉಳದಿದ್ದಕ್ಕೆಲ್ಲಾ ಈ ಬಿಳೀ ಟ್ಯೂಬು.

ಎಷ್ಟು ಹಚ್ಚಲಿ ಅಂತೀಯಾ?
ಎಳ್ಳಷ್ಟು.
ನಗಬ್ಯಾಡ. ಎಳ್ಳು ಅಂದರ ಎಳ್ಳ.
ಬೆರಳಿನ ನಡುವ ರಿಂಗು ಜಾರಸು,
ಹೊಳಪು ಬರಬೇಕು, ಜಿಡ್ಡು ಕಾಣಬಾರದು.
ಹಿಂದಿನ ಮುಚ್ಚಳದ ಥ್ರೆಡ್ಡಿನ ಗುಂಟ ಕರೆಂಟ್ ಹಾಯಬೇಕು,
ರೊಟ್ಟಿಗೆ ಬೆಣ್ಣಿ ಮೆತ್ತಿದಂಗ ಮೆತ್ತಿದರ
ದೀಪ ಮಿಣುಕತೈತಿ, ಗಿರಾಕಿ ಶೆಲ್ಲಿಗೆ ಬೈತಾನ.

ಇಷ್ಟೆಲ್ಲಾ ನನಗ ಮೊದಲ ಗೊತ್ತಿತ್ತು ಅಂತ ತಿಳೀಬ್ಯಾಡ.

ಸಿದರಾಯ ಗೊತ್ತಲ್ಲ, ಮೀನದ ಬಲಿ ಬಿಡಾಂವ.
ಕೊಲ್ಹಾರ ಸೇತುವಿ ಮ್ಯಾಲಿಂದ ಯಾರರ ಬಿದ್ದರ
ಪೊಲೀಸರು ಅವನ ಮನಿ ಬಾಗಲಾ ಬಡೀತಾರ.
ಅವನ ಬ್ಯಾಟ್ರಿ ರಿಪೇರಿಗೆ ಬಂದಿತ್ತು, ರಿಂಗ್ ಸವದಿತ್ತು.
ಪಂಪಿನ ರಿಂಗ್ ಕೂಡಿಸಿದೆ, ಅಳತಿ ಬರೋಬ್ಬರಿ ಬಂತು.
ಜಾರಾಕ ಏನಾದರೇನು ಅಂತ
ನನ್ನ ಒಡದ ಹಿಮ್ಮಡಕ್ಕ ಹಚ್ಚೂ ವ್ಯಾಸಲೀನು
ಬೆರಳ ತುಂಬ ಮೆತ್ತಿ ಕೊಟ್ಟೆ.
ಇಪ್ಪತ್ತ ರೂಪಾಯಿ ತೊಗೊಂಡೆ.

ಒಂದ ತಿಂಗಳ ಆಗಿತ್ತು. ಶ್ರಾವಣದ ಕೆಂಪ ನೀರು.
ಇಪ್ಪತ್ತ ಅಡಿ ಕೆಳಗ ದೀಪ ಹಳದಿ ಆತು,
ಆಮ್ಯಾಲ ಇಲ್ಲ.
ಮುಂದ ಕೈಯಿಂದನ ಹುಡಿಕೀನಿ ಅಂದ.
ಮೊದಲ ಜಾಲಿ ಕಂಟಿ,
ಆಮ್ಯಾಲ ಯಾವಾಗೋ ಮುಳಿಗಿದ ಹೊಲದ ಬದು,
ಆಮ್ಯಾಲ ಒಂದು ಕಾಲ್ಗೆಜ್ಜಿ.

ಬೈಲಿಲ್ಲ ಅಂವ.
ಇದ ಟೇಬಲ್ ಮ್ಯಾಲ ಬ್ಯಾಟ್ರಿ ಬಿಚ್ಚಿ ಇಟ್ಟ.
ಒಳಗಿಂದ ನೀರು ಸುರೀತು,
ಉಬ್ಬಿದ ರಿಂಗು ಎರಿಹುಳದಂಗ ಹೊರಳಿ ಬಿತ್ತು.
ಚಾ ಹೇಳು, ಅಂದ.
ಹೇಳಿದೆ. ಕುಡದಿವಿ.
ಇಬ್ಬರೂ ಅದರ ಕಡೆ ನೋಡಲಿಲ್ಲ.

ವಿಜಾಪುರದಿಂದ ಟ್ಯೂಬ್ ತರಿಸಿದ್ದು ಆಮ್ಯಾಲ.

ಹೂಂ, ಮುಚ್ಚಳ ತಿರುವು. ಸದ್ದಿಲ್ಲ, ಹೌದಲ್ಲ?
ಕಡೀ ಸುತ್ತಿಗೆ ತುಸು ಬಿಗಿ ಆತು ಅಂದರ ರಿಂಗು ಕುಂತೈತಿ.
ಈಗ ದೀಪ ಹಚ್ಚಿ
ಆ ಮೊಸರಿನ ಗಡಗ್ಯಾಗ ನೀರು ತುಂಬಿ ಮುಳಗಸು.
ನೀ ಮನಿಗೆ ಹೋಗು, ನಾ ಕುಂದರತೀನಿ.
ಗುಳ್ಳಿ ಏಳತಾವೇನು ಅಂತ ನೋಡಾಂವ ಒಬ್ಬ ಬೇಕು.
ನಿಮ್ಮವ್ವ ಕೇಳಿದರ
ಮಾಮಾ ಗಡಗ್ಯಾಗ ಬೆಳಕ ಹೆಪ್ಪ ಹಾಕ್ಯಾನ ಅಂತ ಹೇಳು.

ಸಿದರಾಯ ಮುಂಜಾನಿ ಆರಕ್ಕ ಬರತಾನ.
ನಾ ಮಲಗಿದ್ದರ ನೀನ ಕೊಟ್ಟು ಕಳಸು.
ರೊಕ್ಕ ಕೇಳಬ್ಯಾಡ.