ತಲಕಟ್ಟು

ಆಪರೇಷನ್ನಿಗೆ ಮುಂಚೆ ಎರಡು ವಾರ
ಎಡಗೈಗೆ ಅಂಗಿಯ ಗುಂಡಿ ಕಲಿಸಿದೆ,
ಹಲ್ಲುಜ್ಜುವುದು, ಉಪ್ಪಿನಕಾಯಿ ನೆಂಚಿ ಗಂಜಿ ಉಣ್ಣುವುದು.
ಬಣ್ಣದ ಕುಂಚ ಮಾತ್ರ ಕೊಡಲಿಲ್ಲ.

ಮೂವತ್ತು ವರ್ಷ ಏಣಿಯ ಮೇಲೆ ನಿಂತು
ಕುಂಬಳೆಯಿಂದ ಬದಿಯಡ್ಕದವರೆಗೆ
ಅಂಗಡಿಗಳ ಹೆಸರು ಬರೆದ ಭುಜ;
ಒಳಗೆ ಹಗ್ಗ ಹರಿದಿತ್ತಂತೆ,
ಡಾಕ್ಟರು ಹೊಲಿದು
ಕೈಯನ್ನು ಜೋಳಿಗೆಯಲ್ಲಿಟ್ಟು ಕೊಟ್ಟರು.

ಆರು ವಾರ ಕುರ್ಚಿಯಲ್ಲೇ ನಿದ್ದೆ.
ಯಮುನ ತಲೆ ಬಾಚುತ್ತಾಳೆ, ಬೈತಲೆ ತಪ್ಪು ಬದಿಗೆ.
ಅವಳಿಗೆ ಹೇಳಿಲ್ಲ.

ಈಗ ಗೋಡೆಗೆ ಬೆರಳು ಹತ್ತಿಸುವ ವ್ಯಾಯಾಮ.
‘ಕೊರಚ್ಚು ಕೂಡಿ’ ಎನ್ನುತ್ತಾಳೆ ಶೈಮಾ,
ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಾಳೆ:
ಹೊಕ್ಕುಳು, ಎದೆ, ಗಲ್ಲ.

ಮೊಯ್ದು ಹಾಜಿಯ ಬೇಕರಿ ಬೋರ್ಡು ಕಾಯುತ್ತಿದೆ,
ಎರಡು ಭಾಷೆಯಲ್ಲಿ.
ಮಲಯಾಳ ಅಕ್ಷರದ ನೆತ್ತಿ ಮುಟ್ಟಿದ್ದೇನೆ.
ಕನ್ನಡಕ್ಕೆ
ತಲಕಟ್ಟೊಂದು ಬಾಕಿ.