ಎಡಕ್ಕೆ ನಿಂತವರು

ಒಂದು ದಾವೀದನ ಪುಸ್ತಕಕ್ಕೆ
ನಲವತ್ತು ಆಡು ಬೇಕು, ಅಪ್ಪ ಬೆರಳು ಮಡಿಸಿ ಎಣಿಸುತ್ತಿದ್ದ.
ನೂರೈವತ್ತು ಕೀರ್ತನೆ, ನಲವತ್ತು ಆಡು.
ಹಲ್ಲು ಬಿದ್ದವು, ಹಾಲು ಬತ್ತಿದವು,
ಬಂಡೆ ಜಾರಿ ಕಾಲು ಮುರಿದವು,
ಹಬ್ಬಕ್ಕೆಂದು ಊರವರು ಕೊಯ್ದು
ಚರ್ಮವಷ್ಟೇ ನಮಗೆ ಬಿಟ್ಟವು.
ಮೂವತ್ತೊಂಬತ್ತರ ಹೆಸರು ನನಗೆ ಗೊತ್ತಿಲ್ಲ.
ನಲವತ್ತನೆಯದು ಬುರೆ.

ಹಣೆಯ ಮೇಲೆ ಬಿಳಿ ಬೊಟ್ಟು.
ಪಕ್ಕೆಯಲ್ಲಿ ಜಾಲಿಮುಳ್ಳು ಹೊಕ್ಕು ಮಾಗಿದ ಗಾಯ,
ಕಡಲೆಕಾಳಿನಷ್ಟು.
ಲಾಸ್ತಾದ ಆ ಬೋಳು ಬೆಟ್ಟದ ಮೇಲೂ
ಅವಳು ಮುಟ್ಟದ ಸೊಪ್ಪಿರಲಿಲ್ಲ;
ಪಾದ್ರಿ ಅದ್ಮಸು ಅವರ ಜರಿಛತ್ರಿಯ ಅಂಚನ್ನೂ
ಒಮ್ಮೆ ಮೆಂದು ನೋಡಿದ್ದಳು.

ಐವತ್ತೈದು ದಿನದ ಉಪವಾಸ ಮುಗಿದು
ಫಾಸಿಕಾದ ಬೆಳಗ್ಗೆ
ಅಪ್ಪ ಅವಳ ಕಡೆ ನೋಡಿದ.
ನನ್ನ ಕಡೆ ನೋಡಲಿಲ್ಲ.

ನಾಲ್ಕು ಕೋಲಿನ ಚೌಕಟ್ಟಿಗೆ ಹುರಿ ಬಿಗಿದು
ಬಿಸಿಲಿಗೆ ಎಳೆದು ಕಟ್ಟಿದ.
ಬಾಚಿಯಿಂದ ಕೂದಲು ಹೆರೆದ, ಕೊಬ್ಬು ಹೆರೆದ.
ನಾನು ನೊರೆಗಲ್ಲು ಹಿಡಿದು ಉಜ್ಜಿದೆ.
ಎಳೆದಷ್ಟೂ ಆ ಕಡಲೆಕಾಳು ಅಗಲವಾಗಿ
ಬಾದಾಮಿಯಾಯಿತು, ಆಮೇಲೆ ಕಣ್ಣಾಯಿತು.
ಹೊಲಿಯಲೇ, ಅಂದೆ.
ಬಿಡು, ಅಂದ ಅಪ್ಪ, ಬರೆಯುವವನು ಸುತ್ತಿ ಹೋಗುತ್ತಾನೆ.

ಬರೆಯುವವನು ಮರಿಗೇತ ಸಿನೋದೋಸ್.
ಮಡಕೆಯ ತಳದ ಮಸಿ, ಹುರಿದ ಜವೆಗೋಧಿ,
ಮೂರು ತಿಂಗಳು ಹುಳಿ ಬಂದ ನೀರು: ಅದು ಕಪ್ಪು.
ದೇವರ ಹೆಸರು ಬಂದಲ್ಲಿ ಕೆಂಪು.
ಮರಿಯಮ್ಮನ ಹೆಸರು ಬಂದಲ್ಲಿ ಕೆಂಪು.
ಬುರೆಯ ಹೆಸರು ಎಲ್ಲಿಯೂ ಬರಲಿಲ್ಲ.

ಹುಡುಗರು ಜುನಿಪರ್ ಮರದಡಿ ಕುಳಿತು
ಹ ಹು ಹೀ ಹಾ ಎಂದು ತೂಗಾಡುತ್ತ ಕೂಗುವಾಗ
ನಾನು ಬೇಲಿಯಾಚೆ ಸಗಣಿ ತಟ್ಟುತ್ತಿದ್ದೆ.
ಕಿವಿಗೆ ಸಿಕ್ಕಿತು, ಕಣ್ಣಿಗೆ ಸಿಗಲಿಲ್ಲ.

ಒಂದು ಭಾನುವಾರ ಪಾದ್ರಿ ಕಡೆಯ ದಿನದ ಮಾತು ಹೇಳಿದರು.
ಬಲಕ್ಕೆ ಕುರಿ, ಎಡಕ್ಕೆ ಆಡು.
ಬಲಕ್ಕೆ ರಾಜ್ಯ, ಎಡಕ್ಕೆ ಬೆಂಕಿ.
ಮತ್ತೊಂದು ದಿನ ಮತ್ತೊಂದು ಕತೆ:
ಊರ ಪಾಪವನ್ನೆಲ್ಲ ಹೊತ್ತ ಹೋತ
ಮರುಭೂಮಿಗೆ ಹೋಯಿತು, ಮರಳಲಿಲ್ಲ.
ಅಲ್ಲಿ ಅದು ಏನು ತಿಂದಿತು, ಎಂದು ಕೇಳಿದೆ.
ಹೆಂಗಸರ ಸಾಲು ನಕ್ಕಿತು.

ಮರಿಗೇತನ ಗುಡಿಸಲಿಗೆ ಹೋದೆ.
ಬುರೆಯ ಮೇಲೆ ಏನು ಬರೆದಿರಿ?
ಅವನು ಹುಡುಕಿ, ಬೆರಳಿಟ್ಟು ಹೇಳಿದ:
ಬಲಿ ಬಲಿ ಎನ್ನುವ ಜನರನ್ನು ದೇವರು ಗದರುವ ಜಾಗ ಇದು.
ಹೋತದ ರಕ್ತ ನನಗೇಕೆ,
ಬೆಟ್ಟದ ಮೇಲೆ ಮೇಯುವುದೆಲ್ಲ ನನ್ನದೇ ಅಲ್ಲವೇ, ಎಂದು.

ಆಡಿನ ಮೈಮೇಲೆಯೇ ಆಡಿದ ಮಾತು!
ನಗಬೇಕೋ ಅಳಬೇಕೋ ತಿಳಿಯದೆ,
ಸ್ವಲ್ಪ ಮೊದಲೇ ಬರೆಯಬೇಕಿತ್ತು, ಅಂದೆ.
ಅವನು ಲೆಕ್ಕಣಿಕೆ ಕೆಳಗಿಟ್ಟ.
ಬಹಳ ಹೊತ್ತು ಎತ್ತಿಕೊಳ್ಳಲಿಲ್ಲ.
ಆಮೇಲೆ ಅಂದ: ನೋಡು ಎಂಗುದಾಯ್,
ನಮ್ಮ ಬರಹ ಶುರುವಾಗುವುದು
ಎಡದಿಂದ.

ಈಗ ನನಗೆ ಅರವತ್ತೆಂಟೋ ಎಪ್ಪತ್ತೋ.
ಅಪ್ಪ, ಮರಿಗೇತ, ಇಬ್ಬರೂ ಚರ್ಚಿನ ಹಿಂದಿನ ಮಣ್ಣು.
ಪುಸ್ತಕ ಮಾತ್ರ ತೊಗಲಿನ ಚೀಲದಲ್ಲಿ
ಗೋಡೆಯ ಗೂಟಕ್ಕೆ ತೂಗುತ್ತದೆ, ದೂರ ಹೊರಟವರ ಬುತ್ತಿಯ ಹಾಗೆ.
ಹೊಸ ಪಾದ್ರಿ ಒಳ್ಳೆಯ ಹುಡುಗ.
ಓದಲು ಬಾರದ ಮುದುಕಿಗೆ
ಮುಟ್ಟಲು ಬಿಡುತ್ತಾನೆ.

ಬೆರಳಿಗೆ ಮೊದಲು ಕೂದಲ ಬುಡದ ಚುಕ್ಕಿಗಳು,
ಎಷ್ಟು ಉಜ್ಜಿದ್ದರೂ ಹೋಗದವು.
(ಸರಿಯಾಗಿ ಉಜ್ಜಲಿಲ್ಲ ಎಂದು ಅಪ್ಪ ಬೈದಿದ್ದ.)
ಆಮೇಲೆ ಆ ಕಣ್ಣು.
ನೀರಿನ ಹೊಂಡ ಬಳಸಿ ನಡೆಯುವ ಹಿಂಡಿನಂತೆ
ಅಕ್ಷರಗಳು ಅದನ್ನು ಸುತ್ತಿ ಮುಂದೆ ಹೋಗಿವೆ,
ಒಂದೂ ಒಳಗೆ ಬಿದ್ದಿಲ್ಲ.
ಅದರೊಳಗಿಂದ ಮುಂದಿನ ಪುಟದ
ಒಂದೇ ಒಂದು ಪದ ಕಾಣುತ್ತದೆ,
ಕೆಂಪಗೆ.

ಯಾವುದದು ಎಂದು ಕೇಳಬಹುದು.
ಕೇಳಿಲ್ಲ.

ಹೊರಗೆ ಯಾರದೋ ಮರಿ
ಅಂಗಳದ ಕಾಡು ಆಲಿವ್ ಚಿಗುರಿಗೆ
ಮುಂಗಾಲೆತ್ತಿ ನಿಂತಿದೆ.
ಕೋಲು ನನ್ನ ಕೈಯಲ್ಲೇ ಇದೆ.
ಓಡಿಸಬೇಕು.
ಇನ್ನೊಂದು ತುತ್ತು ಆಗಲಿ.