ಪಕ್ಕದ ಸೀಟಿನ ದೀಪ

ಜಪಾನಿನಲ್ಲಿ ಬಲಕ್ಕಿದ್ದ ಸ್ಟೀರಿಂಗನ್ನು
ಇಕೀಕೆ ಬಂದರಿನ ಶೆಡ್ಡಿನಲ್ಲಿ ಯಾರೋ ಕಿತ್ತು
ಎಡಕ್ಕೆ ಕೂರಿಸಿದರು. ಪೆಡಲ್ಲುಗಳೂ ಹಿಂದೆಯೇ ಬಂದವು.
ಮುಳ್ಳುಗಳು ಮಾತ್ರ ಬರಲಿಲ್ಲ.
ವೇಗದ್ದು, ಬಿಸಿಯದ್ದು, ಪೆಟ್ರೋಲಿನದ್ದು,
ಎಲ್ಲ ಬಲಗಡೆಯೇ ಕೂತವು
ಹಳೇ ಯಜಮಾನ ಇನ್ನೂ ಅಲ್ಲಿದ್ದಾನೆ ಎಂಬಂತೆ.

ಹದಿನಾರು ವರ್ಷವಾಯಿತು,
ಎಲ್ ಆಲ್ತೊದಿಂದ ವಿಯಾಚಾಕ್ಕೆ, ವಿಯಾಚಾದಿಂದ ಎಲ್ ಆಲ್ತೊಗೆ
ನಾನು ಓಡಿಸುತ್ತೇನೆ, ಪಕ್ಕದಲ್ಲಿ ಕೂತವರು ಓದುತ್ತಾರೆ.
'ಅಕ್ಕಾ, ಎಷ್ಟರಲ್ಲಿದೆ?'
'ಎಪ್ಪತ್ತು ದಾಟಿತು, ನಿಧಾನ ಮಾಡಪ್ಪ.'
ತನ್ನ ಬೆನ್ನು ತನಗೆ ಕಾಣದು ಅಂತಾರೆ.
ನನಗೆ ನನ್ನ ವ್ಯಾನಿನ ಮುಖವೇ ಕಾಣದು.

ಆಗಸ್ಟಿನ ಒಂದು ಬೆಳಗ್ಗೆ
ಮಡಿಲಲ್ಲಿ ಮೊಟ್ಟೆಯ ಟ್ರೇ ಹಿಡಿದ ಹೆಂಗಸು ಅಂದಳು:
'ಇಲ್ಲೊಂದು ಪುಟ್ಟ ಇಂಜಿನ್ನಿನ ಚಿತ್ರ ಹತ್ತಿಕೊಂಡಿದೆ.'
'ಅದು ಹಾಗೇ' ಅಂದೆ.
ಆವತ್ತು ಮುಂದಿನ ಸೀಟಿಗೆ ಹನ್ನೊಂದು ಜನ ಹತ್ತಿ ಇಳಿದರು,
ಹನ್ನೊಂದು ಸಲ ನನಗೆ ಸುದ್ದಿ ಮುಟ್ಟಿತು.
ಬ್ಯಾಟರಿ ಅಂದ ಒಬ್ಬ ಗಾರೆಯವ.
ಟ್ಯಾಂಕಿನ ಮುಚ್ಚಳ ಸಡಿಲ ಅಂದಳು ನರ್ಸು.
ಮುದುಕನೊಬ್ಬ ದನಿ ತಗ್ಗಿಸಿ ಕೇಳಿದ,
ಈ ತಿಂಗಳು ಭೂಮಿತಾಯಿಗೆ ಹಸಿವು,
ಚಕ್ರಕ್ಕೆ ಎರಡು ಹನಿ ಸಾರಾಯಿ ಎರೆದೆಯಾ?
ಎರೆದಿದ್ದೆ. ಎರೆದೂ ಏರಿನಲ್ಲಿ ಕೆಮ್ಮು,
ಹಿಂದೆ ಮಸಿಯಂಥ ಹೊಗೆ,
ಕೋಟಿಗೆಲ್ಲ ಪೆಟ್ರೋಲಿನ ನಾತ.

ಇಲಾರಿಯಾ ಕೆಲ್ಕಳ ಗ್ಯಾರೇಜಿಗೆ ಬಾಗಿಲಿಲ್ಲ,
ಎರಡು ಕಂಟೇನರುಗಳ ನಡುವಿನ ಸಂದು ಅಷ್ಟೆ.
ಅವಳ ಹತ್ತಿರ ಹೊಸ ಸ್ಕ್ಯಾನರ್ ಇದೆ, ಪ್ಲಾಸ್ಟಿಕ್ ಇನ್ನೂ ಬಿಚ್ಚಿಲ್ಲ.
'ನಿನ್ನದಕ್ಕೆ ಇದು ಕಚ್ಚುವ ಬಾಯಿಲ್ಲ' ಅಂದವಳೇ
ವಿದ್ಯುತ್ ಬಿಲ್ಲಿನ ಕ್ಲಿಪ್ಪು ಕಿತ್ತು, ಹಲ್ಲಿನಲ್ಲಿ ನೆಟ್ಟಗೆ ಮಾಡಿ
ಬಾನೆಟ್ಟಿನಡಿಯ ಎರಡು ತೂತುಗಳಿಗೆ ಸೇತುವೆ ಕಟ್ಟಿದಳು.
'ವಾರಾ, ಒಳಗೆ ಕೂರು. ಬಾಯಿಬಿಟ್ಟು ಎಣಿಸು.'

ಏಳು ವರ್ಷದ ವಾರಾ ಬಲಸೀಟಿನಲ್ಲಿ
ಕಾಲು ಆಡಿಸುತ್ತ, ದೀಪಕ್ಕೆ ಮೂಗು ತಾಗಿಸಿ:
'ಮಾಯ. ಪಾಯ.
ಹೋಯ್ತು.
ಮಾಯ.'
ಎರಡು, ಒಂದು. ಇಲಾರಿಯಾ ಕೈಮೇಲೆ ಬರೆದುಕೊಂಡಳು.
ಮತ್ತೆ ಕತ್ತಲೆ, ಸ್ವಲ್ಪ ಉದ್ದದ್ದು.
'ಮಾಯ. ಪಾಯ. ಕಿಮ್ಸ.
ಹೋಯ್ತು.
ಮಾಯ, ಪಾಯ, ಕಿಮ್ಸ, ಪುಸಿ, ಫಿಸ್ಕ!
ಅಮ್ಮಾ, ಇದಕ್ಕೂ ನನ್ನ ಹಾಗೆ ಐದರವರೆಗೆ ಬೇಗ ಬರುತ್ತೆ.'

ಮೂರು, ಐದು.
ಇಲಾರಿಯಾ ನಕ್ಕಳು.
'ಎತ್ತರ ಅಳೆಯುವ ಸೆನ್ಸರು ಸತ್ತಿದೆ.
ಇದರ ತಲೆಯಲ್ಲಿ ಇನ್ನೂ ಸಮುದ್ರ.
ನಾಲ್ಕು ಸಾವಿರ ಮೀಟರ್ ಮೇಲಿದ್ದೀನಿ ಅಂತ
ಇದಕ್ಕೆ ಯಾರೂ ಹೇಳುತ್ತಿಲ್ಲ.
ಗಾಳಿ ದಪ್ಪಗಿದೆ ಅಂದುಕೊಂಡು
ಪೆಟ್ರೋಲು ಸುರಿಯುತ್ತಿದೆ, ಮದುವೆಮನೆಯ ಬೀಗರಿಗೆ ಬಡಿಸಿದ ಹಾಗೆ.'

ನಮ್ಮ ದೇಶಕ್ಕೇ ಇಲ್ಲದ ಸಮುದ್ರ,
ನನ್ನ ವ್ಯಾನಿಗೆ ಹೇಗೋ ಸಿಕ್ಕಿತ್ತು.

ಸತ್ತಿರಲಿಲ್ಲ. ಪ್ಲಗ್ಗು ಬಿಚ್ಚಿದರೆ ಒಳಗೆಲ್ಲ ಹಸಿರು ಕಿಲುಬು.
ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದಳು,
ಊದಿದಳು, ಮತ್ತೆ ತಿಕ್ಕಿದಳು,
ಒತ್ತಿದಳು. ಟಕ್.
ಮರೆಯಲಿ ಅಂತ ಫ್ಯೂಸು ಕಿತ್ತು, ವಾರಾಗೆ ಅರವತ್ತು ಎಣಿಸಲು ಹೇಳಿದಳು.
ಹುಡುಗಿ ಮೂವತ್ತಕ್ಕೆ ಬೇಜಾರಾಗಿ ಅರವತ್ತಕ್ಕೆ ಹಾರಿದಳು.

'ಮೂರು-ಐದು ಹೋಯ್ತು.
ಎರಡು-ಒಂದು ತಿರುಗಿ ಬರುತ್ತೆ. ಅದು ಆಕ್ಸಿಜನ್ ಸೆನ್ಸರು,
ತಿಕ್ಕಿದರೆ ಬದುಕುವುದಿಲ್ಲ, ದುಡ್ಡು ಕೂಡಿಸು.
ಓಡುತ್ತೆ, ಆದರೆ ಕುಡಿಯುತ್ತೆ.'
ಕೈಮೇಲಿನ ಅಂಕಿಗಳನ್ನು ಎಂಜಲಿಂದ ಒರೆಸಿಕೊಂಡು
ಮೂವತ್ತು ಬೊಲಿವಿಯಾನೋ ಕೇಳಿದಳು.
ಕ್ಲಿಪ್ಪು ಬಿಲ್ಲಿಗೆ ಮರಳಿತು.

ಏರಿನಲ್ಲಿ ಕೆಮ್ಮಿಲ್ಲ. ಕನ್ನಡಿಯಲ್ಲಿ ಹೊಗೆಯೂ ಇಲ್ಲ,
ಬರೀ ರಸ್ತೆ, ಅದರ ಕೊನೆಗೆ ಹಿಮದ ಬೆಟ್ಟ.
ನಾಲ್ಕನೇ ದಿನ
ಒಣಗಿಸಿದ ಆಲೂಗಡ್ಡೆಯ ಚೀಲ ಕಾಲಸಂದಿಯಲ್ಲಿಟ್ಟುಕೊಂಡ ಅಜ್ಜಿ
ತೂಕಡಿಸುತ್ತಿದ್ದವಳು ಕಣ್ಣುಬಿಟ್ಟು
'ಅಯ್ಯಾ, ಇಲ್ಲೇನೋ ಹತ್ತಿತು' ಅಂದಳು.

'ಯಾವ ಬಣ್ಣ?'

ಅವಳು ಬಗ್ಗಿ, ಹೊತ್ತು ತೆಗೆದುಕೊಂಡು ನೋಡಿದಳು.

'ಜೋಳದ್ದು. ಹಸಿಜೋಳ.
ಚೆನ್ನಾಗಿದೆ, ಇರಲಿ ಬಿಡು.'